ನಲವತ್ತು ದಿನದ ಲೆಕ್ಕ: ರಗೂಸಾ ಬಂದರಿನಿಂದ ನನ್ನ ಉಪ್ಪುನೀರಿನ ತೊಟ್ಟಿಯವರೆಗೆ

ಹೋದ ವಿಡಿಯೋದಲ್ಲಿ ನನ್ನ ಬೆನ್ನ ಹಿಂದೆ ಕಾಣ್ತಿದ್ದ ಅಕ್ವೇರಿಯಂನಲ್ಲಿ ಮೀನೇ ಇಲ್ವಲ್ಲ ಅಂತ ಕೆಲವರು ಕೇಳಿದ್ರಿ. ಇತ್ತು. ಎರಡು ಕ್ಲೌನ್‌ಫಿಶ್, ಒಂದು ಟ್ಯಾಂಗ್. ಗಾಜಿನ ಮೇಲೆ ಪಾಚಿ ಜಾಸ್ತಿ ಆಯ್ತು ಅಂತ ಅಂಗಡಿಯಿಂದ ಮೂರು ಸಮುದ್ರದ ಬಸವನಹುಳು ತಂದು ಅವತ್ತೇ ತೊಟ್ಟಿಗೆ ಬಿಟ್ಟೆ. ಎರಡು ಮೂರು ವಾರದಲ್ಲಿ ಟ್ಯಾಂಗ್ ಮೈಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಆಮೇಲೆ ಹತ್ತು ದಿನದೊಳಗೆ ಮೂರೂ ಮೀನು ಹೋದವು. ಕ್ಲೌನ್‌ಫಿಶ್‌ಗಳಿಗೆ ಹೆಸರಿಟ್ಟಿದ್ದು ಮಗಳು. ಅವಳಿಗೆ ಹೇಳೋಕೆ ನನಗೆ ಒಂದು ದಿನ ಬೇಕಾಯ್ತು. ಬಸವನಹುಳುಗಳು ಮಾತ್ರ ಆರಾಮಾಗಿ ಪಾಚಿ ತಿಂತಾನೇ ಇದ್ದವು.

ಈ ಆರಾಮದಲ್ಲೇ ವಿಷಯ ಇರೋದು. ಅದಕ್ಕೆ ಸ್ವಲ್ಪ ಹಿಂದೆ ಹೋಗೋಣ.

1377ರ ಜುಲೈ. ಇವತ್ತು ಡುಬ್ರೋವ್ನಿಕ್ ಅಂತ ಕರೆಯುವ ಏಡ್ರಿಯಾಟಿಕ್ ತೀರದ ಊರಿಗೆ ಆಗ ರಗೂಸಾ ಅಂತ ಹೆಸರು. ಪ್ಲೇಗ್ ಇರುವ ಕಡೆಯಿಂದ ಬಂದವರು ನೇರವಾಗಿ ಊರೊಳಗೆ ಬರುವಂತಿಲ್ಲ, ಮೊದಲು ಮರ್ಕಾನ್ ಎಂಬ ಪುಟ್ಟ ದ್ವೀಪದಲ್ಲೋ ತ್ಸಾವ್ತಾತ್ ಊರಿನಲ್ಲೋ ಒಂದು ತಿಂಗಳು ಇರಬೇಕು ಅಂತ ಅಲ್ಲಿನ ಸಭೆ ಕಾನೂನು ಮಾಡಿತು. ಮುಂದೆ ಈ ಮೂವತ್ತು ದಿನ ನಲವತ್ತಾಯಿತು. ಇಟಾಲಿಯನ್‌ನಲ್ಲಿ ನಲವತ್ತಕ್ಕೆ ಕ್ವಾರಂಟಾ. ಕ್ವಾರಂಟೈನ್ ಪದ ಹುಟ್ಟಿದ್ದು ಅಲ್ಲಿಂದ. ಗಮನಿಸಿ, ಅವರಿಗೆ ಬ್ಯಾಕ್ಟೀರಿಯಾ ಗೊತ್ತಿಲ್ಲ, ಚಿಗಟ ರೋಗ ಹರಡುತ್ತೆ ಅನ್ನೋದೂ ಗೊತ್ತಿಲ್ಲ. ಕೈಯಲ್ಲಿದ್ದ ಔಷಧಿ ಒಂದೇ, ಕಾಯೋದು. 2020ರ ಮೇ ತಿಂಗಳಲ್ಲಿ ಚೆನ್ನೈ, ಮುಂಬೈ ಬಿಟ್ಟು ಊರಿಗೆ ಹೊರಟ ನಮ್ಮಲ್ಲಿ ಎಷ್ಟೋ ಜನಕ್ಕೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ನಾನು ಶಿವಮೊಗ್ಗದ ಒಂದು ಲಾಡ್ಜ್‌ನಲ್ಲಿ ಏಳು ದಿನ ಗೋಡೆ ನೋಡ್ತಾ ಕೂತಿದ್ದೆ. ಮನೆಗೆ ಹೋದ ಮೇಲೂ ಅಮ್ಮ ತಟ್ಟೆಯನ್ನ ಬಾಗಿಲ ಹೊರಗಿಟ್ಟು ದೂರ ನಿಂತು, ‘ಇನ್ನೊಂದು ತುತ್ತು ಹಾಕ್ಲೇನೋ’ ಅಂತ ಕೇಳ್ತಿದ್ದರು.

ಸಮುದ್ರದ ಜೀವಿಗಳನ್ನ ಮನೆಯೊಳಗೆ ಸಾಕುವ ಹವ್ಯಾಸ ಶುರುವಾಗಿದ್ದು ಇದಾಗಿ ಸುಮಾರು ಐದು ಶತಮಾನದ ನಂತರ. ಅದೂ ಮೀನಿಗಿಂತ ಹೆಚ್ಚಾಗಿ ಬೆನ್ನೆಲುಬಿಲ್ಲದ ಜೀವಿಗಳಿಂದ. 1846ರಲ್ಲಿ ಆನಾ ಥಿನ್ ಎಂಬಾಕೆ ಟಾರ್ಕಿ ತೀರದಿಂದ ಲಂಡನ್ನಿಗೆ ಜೀವಂತ ಹವಳ ತಂದರು. ಏರ್ ಪಂಪ್ ಇಲ್ಲದ ಕಾಲ. ಮನೆಗೆಲಸದಾಕೆ ತೆರೆದ ಕಿಟಕಿ ಹತ್ತಿರ ನಿಂತು ಸಮುದ್ರದ ನೀರನ್ನ ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಸುರೀತಾ ಇರಬೇಕಿತ್ತು. (ಇತಿಹಾಸದಲ್ಲಿ ಹೆಸರು ಉಳಿದಿದ್ದು ಯಜಮಾನಿಯದು, ತೋಳು ನೋಯಿಸಿಕೊಂಡವಳದಲ್ಲ.) 1853ರಲ್ಲಿ ಲಂಡನ್ ಝೂನಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು. ಅದಕ್ಕೆ ಸಮುದ್ರಜೀವಿಗಳನ್ನ ಸಂಗ್ರಹಿಸಿಕೊಟ್ಟವರಲ್ಲಿ ಫಿಲಿಪ್ ಹೆನ್ರಿ ಗಾಸ್ ಮುಖ್ಯರು. ಮರುವರ್ಷ ಅವರ ‘ದಿ ಅಕ್ವೇರಿಯಂ’ ಪುಸ್ತಕ ಬಂದ ಮೇಲೆ ಇಂಗ್ಲೆಂಡಿಗೇ ಹುಚ್ಚು ಹಿಡಿಯಿತು.

ನನ್ನ ಮೀನು ಕೊಂದ ಪರಾವಲಂಬಿಗೆ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಅಂತ ಹೆಸರಿಟ್ಟಿದ್ದು 1951ರಲ್ಲಿ. ಇದರ ಬದುಕಿನ ಚಕ್ರ ಗೊತ್ತಾದರೆ ಬಸವನಹುಳು ಮೇಲಿನ ಕೋಪ ಇಳಿಯುತ್ತೆ. ಕೆಲವು ದಿನ ಮೀನಿನ ಚರ್ಮದಲ್ಲಿ ಇದ್ದು, ಉದುರಿ, ಕಲ್ಲೋ ಚಿಪ್ಪೋ ಯಾವುದಾದ್ರೂ ಗಟ್ಟಿ ಜಾಗಕ್ಕೆ ಅಂಟಿಕೊಂಡು ಕೋಶ ಕಟ್ಟುತ್ತೆ. ಕೋಶ ಒಡೆದಾಗ ನೂರಾರು ಮರಿಗಳು ಈಜಿಕೊಂಡು ಮೀನು ಹುಡುಕ್ತವೆ. ಒಂದೆರಡು ದಿನದೊಳಗೆ ಮೀನು ಸಿಗದಿದ್ರೆ ಸಾಯ್ತವೆ. ಅಂದ್ರೆ ಬಸವನಹುಳು, ಏಡಿ, ಸಿಗಡಿಗೆ ಈ ರೋಗ ಬರೋದೇ ಇಲ್ಲ. ಆದರೆ ಅಂಗಡಿಯಲ್ಲಿ ಮೀನಿನ ಜೊತೆ ಒಂದೇ ನೀರಿನಲ್ಲಿದ್ದ ಬಸವನಹುಳುವಿನ ಚಿಪ್ಪಿನ ಮೇಲೆ ಕೋಶ ಕೂತು ಬರಬಹುದು. ಮೀನಿಗಾದ್ರೆ ತಾಮ್ರದ ಔಷಧಿ ಇದೆ, ಬೆನ್ನೆಲುಬಿಲ್ಲದ ಜೀವಿಗಳಿಗೆ ತಾಮ್ರವೇ ವಿಷ. ಹಾಗಾಗಿ ಉಳಿಯೋದು ರಗೂಸಾದ ಉಪಾಯ. ಮೀನಿಲ್ಲದ ತೊಟ್ಟಿಯಲ್ಲಿಟ್ಟು ಕಾಯೋದು. ಸಾಮಾನ್ಯವಾಗಿ ಕೋಶಗಳು ನಾಲ್ಕು ವಾರದೊಳಗೆ ಒಡೆಯುತ್ತವೆ, ಆದ್ರೆ 72 ದಿನದವರೆಗೆ ಎಳೆದದ್ದೂ ದಾಖಲಾಗಿದೆ. ಹವ್ಯಾಸಿಗಳ 76 ದಿನದ ನಿಯಮಕ್ಕೆ ಅದೇ ಆಧಾರ.

ಇದನ್ನೆಲ್ಲ ಓದ್ತಿದ್ದಾಗ ಗೊತ್ತಾಯ್ತು, ಇಂಥದ್ದೇ ಕೆಲಸ ದೊಡ್ಡ ಮಟ್ಟದಲ್ಲಿ ನಡೆಯೋ ಜಾಗ ಇದೇ ಚೆನ್ನೈನ ನೀಲಾಂಕರೈಯಲ್ಲಿದೆ. ನಾನು ಎಷ್ಟೋ ವೀಕೆಂಡ್ ಆ ಕಡೆ ಹೋಗಿದ್ದೀನಿ, ಗೊತ್ತೇ ಇರಲಿಲ್ಲ.

ಅದರ ಹಿಂದಿನ ಕಥೆ ಸಿಗಡಿ ರೈತರದು. ತೊಂಬತ್ತರ ದಶಕದ ಮಧ್ಯದಲ್ಲಿ ಆಂಧ್ರ, ತಮಿಳುನಾಡಿನ ಕರಾವಳಿಯ ಟೈಗರ್ ಸಿಗಡಿ ಹೊಂಡಗಳಿಗೆ ವೈಟ್ ಸ್ಪಾಟ್ ವೈರಸ್ ನುಗ್ಗಿತು. (ಹೆಸರು ಒಂದೇ ಥರ ಇದ್ರೂ ನನ್ನ ಮೀನಿನ ಬಿಳಿ ಚುಕ್ಕೆಗೂ ಇದಕ್ಕೂ ಸಂಬಂಧ ಇಲ್ಲ.) ರೋಗ ಬಂದ ಹೊಂಡದಲ್ಲಿ ಒಂದು ವಾರ, ಹತ್ತು ದಿನದಲ್ಲಿ ಬೆಳೆ ಪೂರ್ತಿ ಹೋಗಬಹುದು. ಸಾಲ ಮಾಡಿ ಹೊಂಡ ತೋಡಿಸಿದವರ ಗತಿ ಊಹಿಸಿಕೊಳ್ಳಿ. ಮರಿ ಮಾಡಿಸೋಕೆ ಸಮುದ್ರದಿಂದ ಹಿಡಿದು ತಂದ ತಾಯಿ ಸಿಗಡಿಯಲ್ಲೇ ವೈರಸ್ ಇದ್ರೆ ಅದು ಮರಿಗಳ ಜೊತೆ ಊರೂರಿಗೆ ಹೋಗ್ತಿತ್ತು.

ಹೊರಗಿನ ತಾಯಿಯನ್ನ ನಂಬಬಾರದು ಅನ್ನೋ ತಿಳುವಳಿಕೆ ಹೊಸದೇನಲ್ಲ. ಸಮುದ್ರ ಸಂಶೋಧನೆಯ ಅಂತರರಾಷ್ಟ್ರೀಯ ಮಂಡಳಿ ಐಸಿಇಎಸ್ 1973ರಲ್ಲೇ ಒಂದು ಸಂಹಿತೆ ತಂದಿತ್ತು. ಹೊರಗಿನಿಂದ ತಂದ ಜೀವಿಯನ್ನ ಕ್ವಾರಂಟೈನ್‌ನಲ್ಲೇ ಇಡಿ, ರೋಗ ಇಲ್ಲ ಅಂತ ಖಾತ್ರಿಯಾದ್ರೆ ಅದರ ಮರಿಗಳನ್ನಷ್ಟೇ ಹೊರಗೆ ಬಿಡಿ ಅನ್ನೋದು ಅದರ ತಿರುಳು. ಅದೇ ವರ್ಷ ಜಪಾನ್ ಕಡೆಯ ಸರ್ಗಾಸಮ್ ಎಂಬ ಕಡಲಕಳೆ ಇಂಗ್ಲೆಂಡಿನ ಐಲ್ ಆಫ್ ವೈಟ್‌ನಲ್ಲಿ ಕಾಣಿಸಿತು. ಸಾಕಣೆಗೆ ತಂದ ಸಿಂಪಿಗಳ ಜೊತೆ ಬಂದಿದ್ದು ಅಂತಾರೆ. ನನ್ನ ಬಸವನಹುಳು ಕಥೆಯೇ, ಗಾತ್ರ ಮಾತ್ರ ಬೇರೆ.

2009ರಲ್ಲಿ ಅಮೆರಿಕ ಖಂಡದ ಪೆಸಿಫಿಕ್ ತೀರದ ವನಾಮಿ ಸಿಗಡಿಗೆ ಭಾರತ ಬಾಗಿಲು ತೆರೆದಾಗ ಷರತ್ತು ಹಾಕಿತು. ನಿರ್ದಿಷ್ಟ ರೋಗಗಳಿಲ್ಲದ ತಾಯಿ ಸಿಗಡಿಯೇ ಬರಬೇಕು, ಅದೂ ನೀಲಾಂಕರೈನ ಕ್ವಾರಂಟೈನ್ ಕೇಂದ್ರದ ಮೂಲಕ. ಅಲ್ಲಿ ಒಬ್ಬೊಬ್ಬರ ಸರಕನ್ನೂ ಬೇರೆ ಬೇರೆ ಇಟ್ಟು ಪಿಸಿಆರ್ ಪರೀಕ್ಷೆ ಮಾಡಿ, ಆಮೇಲೆ ಮರಿ ಕೇಂದ್ರಗಳಿಗೆ ಕಳಿಸ್ತಾರೆ. ಪರೀಕ್ಷೆ ಇರೋದ್ರಿಂದ ಅವರಿಗೆ ನಲವತ್ತು ದಿನ ಬೇಡ, ಕೆಲವೇ ದಿನ ಸಾಕು. ನನ್ನ ಫ್ಲಾಟ್‌ನಲ್ಲಿ ಪಿಸಿಆರ್ ಇಲ್ಲವಲ್ಲ, ನಾನು ಇನ್ನೂ 1377ರಲ್ಲೇ ಇದ್ದೀನಿ.

ನನ್ನ ವ್ಯವಸ್ಥೆ ಹೀಗಿದೆ. ಬಾಲ್ಕನಿ ಪಕ್ಕ ನಲವತ್ತು ಲೀಟರ್ ತೊಟ್ಟಿ, ಸ್ಪಾಂಜ್ ಫಿಲ್ಟರ್, ತಿನ್ನೋಕೆ ಒಣಗಿದ ಕಡಲ ಪಾಚಿ. ತೊಟ್ಟಿ ಹೊಸದೇ ಆಗಬೇಕು, ಯಾಕಂದ್ರೆ ಹಿಂದೆ ತಾಮ್ರ ಹಾಕಿದ್ದ ತೊಟ್ಟಿಯ ಕಲ್ಲು, ಸಿಲಿಕೋನ್‌ನಲ್ಲಿ ಅದು ಉಳಿದಿರುತ್ತೆ. ಬಂದ ದಿನ ಸಣ್ಣ ಟ್ಯೂಬ್‌ನಿಂದ ಹನಿ ಹನಿಯಾಗಿ ನೀರು ಬೆರೆಸಿ ಉಪ್ಪಿನಂಶಕ್ಕೆ ಒಗ್ಗಿಸ್ತೀನಿ, ಅಂಗಡಿ ನೀರು ಸಿಂಕಿಗೆ. ಬಲೆ, ಬಕೆಟ್ ಎಲ್ಲ ಬೇರೆ. ಚಿಪ್ಪಿನ ಮೇಲೆ ಐಪ್ಟೇಸಿಯಾ ಅನ್ನೋ ಕಳೆ ಅನಿಮೋನ್ ಇದೆಯಾ ಅಂತ ಟಾರ್ಚ್ ಹಾಕಿ ನೋಡ್ತೀನಿ, ಚೂರು ಉಳಿದ್ರೂ ಮತ್ತೆ ಬೆಳೆಯುತ್ತೆ. ಹವಳ ಯಾವಾಗ ಇಡ್ತೀರಿ ಅಂತ ಕೇಳ್ಬೇಡಿ, 2001ರಿಂದ ಹವಳಗಳು ನಮ್ಮ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ.

ಹಳೆಯ ಮೂರು ಬಸವನಹುಳುಗಳು ಮೀನಿಲ್ಲದ ದೊಡ್ಡ ತೊಟ್ಟಿಯಲ್ಲೇ ಇವೆ, ಈಗ ಅದಕ್ಕೂ ಕ್ವಾರಂಟೈನ್. ಹೊಸದಾಗಿ ತಂದ ಎರಡು ಹರ್ಮಿಟ್ ಏಡಿ ಚಿಕ್ಕ ತೊಟ್ಟಿಯಲ್ಲಿ. ಮಗಳು ಫ್ರಿಜ್ ಬಾಗಿಲಿಗೆ ಕ್ಯಾಲೆಂಡರ್ ಅಂಟಿಸಿ ದಿನಾ ಒಂದು ಗೀಟು ಹಾಕ್ತಾಳೆ. ದೊಡ್ಡ ತೊಟ್ಟಿಗೆ ಇವತ್ತು 52ನೇ ದಿನ.