ಕಡತದಿಂದ ಕಡಲತೀರಕ್ಕೆ: ಬಾಂಗ್ಲಾದೇಶದ ಚಂಡಮಾರುತ ಎಚ್ಚರಿಕೆಯ ಇತಿಹಾಸ

1970ರ ನವೆಂಬರ್ 12. ಪವಿತ್ರ ರಮಝಾನ್ ತಿಂಗಳು ಅರ್ಧದ ಹತ್ತಿರ ಬಂದಿತ್ತು. ಇಂದಿನ ಬಾಂಗ್ಲಾದೇಶ ಆಗ ಪೂರ್ವ ಪಾಕಿಸ್ತಾನವಾಗಿತ್ತು. ಅಲ್ಲಿನ ಭೋಲಾ, ಹತಿಯಾ, ಮನ್‌ಪುರಾ ದ್ವೀಪಗಳಿಗೆ ಆ ರಾತ್ರಿ ಬಂಗಾಳ ಕೊಲ್ಲಿಯ ಚಂಡಮಾರುತ ಅಪ್ಪಳಿಸಿತು. ಹಿಜರಿ ತಿಂಗಳ ಲೆಕ್ಕ ಬಲ್ಲ ನಿಮಗೆ ಒಂದು ಸಂಗತಿ ಹೊಳೆಯದಿರದು: ತಿಂಗಳ ನಡುವೆ ಎಂದರೆ ಹುಣ್ಣಿಮೆ, ಹುಣ್ಣಿಮೆ ಎಂದರೆ ಸಮುದ್ರದ ದೊಡ್ಡ ಉಬ್ಬರ. ಆ ಉಬ್ಬರದ ಬೆನ್ನೇರಿ ಬಿರುಗಾಳಿಯ ನೀರು ಬಂತು. ಸತ್ತವರು ಮೂರರಿಂದ ಐದು ಲಕ್ಷವೆಂದು ಅಂದಾಜು.

ಇದು ಯಾರಿಗೂ ತಿಳಿಯದೆ ಬಂದ ಆಪತ್ತೇ? ಅಲ್ಲ. ಹತ್ತು ವರ್ಷ ಮೊದಲು, 1960ರ ಅಕ್ಟೋಬರ್‌ನಲ್ಲಿ ಎರಡು ಚಂಡಮಾರುತಗಳು ಇದೇ ತೀರದಲ್ಲಿ ಸಾವಿರಾರು ಜನರನ್ನು ಬಲಿ ಪಡೆದಿದ್ದವು. ಆಗ ಸರಕಾರ ಅಮೆರಿಕದ ನೆರವು ಕೋರಿತು. ಅಲ್ಲಿನ ರಾಷ್ಟ್ರೀಯ ಹರಿಕೇನ್ ಕೇಂದ್ರದ ನಿರ್ದೇಶಕ ಗೋರ್ಡನ್ ಡನ್ ಅಧ್ಯಯನ ನಡೆಸಿ 1961ರಲ್ಲಿ ವರದಿ ಕೊಟ್ಟರು. ಅದರ ಎಲ್ಲ ಸಲಹೆಗಳೂ ಕಾರ್ಯರೂಪಕ್ಕೆ ಬರಲಿಲ್ಲ. ಕಡತಗಳ ಹಣೆಬರಹ ಎಲ್ಲ ದೇಶಗಳಲ್ಲೂ ಒಂದೇ ಇರಬೇಕು!

ಆ ರಾತ್ರಿ ರೇಡಿಯೋ "ಮಹಾ ಅಪಾಯ"ದ ಸೂಚನೆ ಬಿತ್ತರಿಸಿತ್ತು. ಆದರೆ ಸಂಖ್ಯೆಗಳ ಸಂಕೇತಕ್ಕೆ ಒಗ್ಗಿದ್ದ ತಮಗೆ ಆ ಮಾತಿನ ತೂಕ ತಿಳಿಯಲಿಲ್ಲವೆಂದು ಬದುಕುಳಿದವರು ಹೇಳಿದರು. ಹವಾಮಾನ ತಜ್ಞರಾದ ನೀಲ್ ಫ್ರಾಂಕ್ ಮತ್ತು ಎಸ್.ಎ. ಹುಸೈನ್ 1971ರಲ್ಲಿ ಬರೆದ ಲೇಖನದ ಪ್ರಕಾರ, ಬಿರುಗಾಳಿ ಬರುತ್ತಿದೆಯೆಂದು ಶೇಕಡಾ 90ರಷ್ಟು ಜನರಿಗೆ ಗೊತ್ತಿತ್ತು. ಭದ್ರ ಕಟ್ಟಡ ಸೇರಿದವರು ಶೇಕಡಾ 1ರಷ್ಟು ಮಾತ್ರ. ಜನ ವಿಧಿಯೆಂದು ಕೈಕಟ್ಟಿ ಕುಳಿತರು ಎಂದು ಕೆಲವರು ಇದಕ್ಕೆ ಅರ್ಥ ಹಚ್ಚಿದ್ದುಂಟು. ನಾನು ಒಪ್ಪುವುದಿಲ್ಲ. ಒಂಟೆಯನ್ನು ಕಟ್ಟಿ ನಂತರ ಭರವಸೆಯಿಡುವ ಕುರಿತ ಹದೀಸ್ ಅವರಿಗೂ ಗೊತ್ತಿತ್ತು. ಆದರೆ ಕಟ್ಟಲು ಗೂಟವೇ ಇಲ್ಲದ ಊರಿನಲ್ಲಿ ಏನು ಮಾಡುವುದು? ಹುಲ್ಲು, ಬಿದಿರಿನ ಮನೆಗಳ ಆ ದ್ವೀಪಗಳಲ್ಲಿ ಓಡಿ ಹೋಗಿ ಸೇರಲು ಭದ್ರ ಕಟ್ಟಡಗಳೇ ವಿರಳವಾಗಿದ್ದವು.

ಇನ್ನು ಢಾಕಾದ ಕಾಲರಾ ಸಂಶೋಧನಾಲಯದ ಮಾತು. ವಾಂತಿಭೇದಿಗೆ ನಾವಿಂದು ಕುಡಿಸುವ ಓಆರ್‌ಎಸ್ ದ್ರಾವಣದ ಮೊದಲ ಯಶಸ್ವಿ ಪರೀಕ್ಷೆಗಳಲ್ಲಿ ಒಂದು ನಡೆದದ್ದು ಅಲ್ಲಿಯೇ, 1968ರಲ್ಲಿ. ಅಲ್ಲಿದ್ದ ಆಲ್‌ಫ್ರೆಡ್ ಸಾಮರ್ ಮತ್ತು ಹೆನ್ರಿ ಮೋಸ್ಲಿ ಎಂಬ ವೈದ್ಯರು ಸಂತ್ರಸ್ತ ಪ್ರದೇಶದ ಸಮೀಕ್ಷೆ ನಡೆಸಿದರು. ಎಷ್ಟು ಜನ ಸತ್ತರು ಎಂಬುದಕ್ಕೇ ಅವರು ನಿಲ್ಲಲಿಲ್ಲ, ಯಾರು ಸತ್ತರು ಎಂದು ಕೇಳಿದರು. ತಜುಮುದ್ದೀನ್ ಠಾಣೆಯಲ್ಲಿ ಶೇಕಡಾ 45ಕ್ಕಿಂತ ಹೆಚ್ಚು ಜನ ಇಲ್ಲವಾಗಿದ್ದರು. ಜನಸಂಖ್ಯೆಯ ಮೂರನೇ ಒಂದು ಭಾಗವಾಗಿದ್ದ ಹತ್ತು ವರ್ಷದೊಳಗಿನ ಮಕ್ಕಳು ಸತ್ತವರಲ್ಲಿ ಸುಮಾರು ಅರ್ಧದಷ್ಟಿದ್ದರು. ಬದುಕುಳಿದವರ ಎದೆ, ತೋಳುಗಳಲ್ಲಿ ಆಳವಾದ ತರಚು ಗಾಯಗಳಿದ್ದವು. ಅವರೆಲ್ಲ ನೀರಿನ ನಡುವೆ ಮರವನ್ನು ತಬ್ಬಿ ಹಿಡಿದವರು. ಮರವನ್ನು ಅಷ್ಟು ಹೊತ್ತು ಹಿಡಿದಿರುವ ಶಕ್ತಿ ಎಳೆಯ ಕೈಗಳಿಗೆಲ್ಲಿಂದ ಬರಬೇಕು?

1972ರಲ್ಲಿ, ಹೊಸದಾಗಿ ಹುಟ್ಟಿದ ದೇಶದಲ್ಲಿ, ರೆಡ್‌ಕ್ರಾಸ್ ಸಹಕಾರದೊಂದಿಗೆ ಚಂಡಮಾರುತ ಸನ್ನದ್ಧತಾ ಕಾರ್ಯಕ್ರಮ ಆರಂಭವಾಯಿತು. ಸುಮಾರು 20 ಸಾವಿರ ಹಳ್ಳಿಗರು ಸ್ವಯಂಸೇವಕರಾದರು. ವ್ಯವಸ್ಥೆ ಸರಳ. ಢಾಕಾದ ಹವಾಮಾನ ಇಲಾಖೆಯ ಸೂಚನೆ ನಿಸ್ತಂತುವಿನ ಮೂಲಕ ತೀರದ ಕಚೇರಿಗಳಿಗೆ, ಅಲ್ಲಿಂದ ಹಳ್ಳಿಯ ತಂಡಕ್ಕೆ ಹೋಗುತ್ತದೆ. ಅಪಾಯ ಹೆಚ್ಚಿದಂತೆ ಬಾವುಟಗಳ ಸಂಖ್ಯೆ ಹೆಚ್ಚುತ್ತದೆ. ಮೆಗಾಫೋನ್ ಹಿಡಿದವರು ಮನೆಮನೆಗೆ ಹೋಗುತ್ತಾರೆ, ಮಸೀದಿಯ ಧ್ವನಿವರ್ಧಕವೂ ಕೂಗುತ್ತದೆ. ದೂರದ ತಜ್ಞನ ಮಾತು ಪರಿಚಿತ ನೆರೆಮನೆಯವನ ಬಾಯಲ್ಲಿ ಬಂದಾಗ ಅದಕ್ಕೆ ಬೇರೆಯೇ ಬೆಲೆ.

ಆದರೂ 1991ರ ಏಪ್ರಿಲ್ 29ರ ರಾತ್ರಿ ಚಿತ್ತಗಾಂಗ್ ತೀರದಲ್ಲಿ 1,38,000ಕ್ಕೂ ಹೆಚ್ಚು ಜನ ಸತ್ತರು. ಹಲವು ಸ್ವಯಂಸೇವಕರು ಕರ್ತವ್ಯದಲ್ಲೇ ಪ್ರಾಣ ಬಿಟ್ಟರು. ಎಚ್ಚರಿಕೆ ತಲುಪಿತ್ತು, ಆಶ್ರಯ ಸಾಲಲಿಲ್ಲ. ನಂತರ ಸಂಶೋಧಕರು 1,123 ಜನರ ವಿವರ ಸಂಗ್ರಹಿಸಿದರು. ಇಟ್ಟಿಗೆ ಅಥವಾ ಕಾಂಕ್ರೀಟ್ ಕಟ್ಟಡ ಸೇರಿದವರೆಲ್ಲರೂ ಬದುಕಿದ್ದರು, ಸೇರದವರಲ್ಲಿ ಶೇಕಡಾ 22ರಷ್ಟು ಜನ ಸತ್ತಿದ್ದರು. ನಲವತ್ತು ದಾಟಿದ ಮಹಿಳೆಯರಲ್ಲಿ ಸತ್ತವರು ಶೇಕಡಾ 31. ಮನೆಯ ಗಂಡಸರು ಹೇಳದೆ ಹೊರಡಲಾಗದವರು, ಗಂಡಸರಿಂದ ಕಿಕ್ಕಿರಿದ ಕಟ್ಟಡಕ್ಕೆ ಹೋಗಲು ಹಿಂಜರಿದವರು ಅವರಲ್ಲಿದ್ದರು. ನಮ್ಮ ಸಮುದಾಯ ಈ ಅಂಕಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಪರ್ದಾ ಪಾಲನೆಗೂ ಪ್ರಾಣ ರಕ್ಷಣೆಗೂ ವಿರೋಧವೇನಿಲ್ಲ. ಅಲ್ಲಿ ಇಲ್ಲದಿದ್ದದ್ದು ಒಂದು ಪ್ರತ್ಯೇಕ ಕೋಣೆ, ಒಂದು ಶೌಚಾಲಯ.

ಢಾಕಾದ ಎಂಜಿನಿಯರಿಂಗ್ ವಿಶ್ವವಿದ್ಯಾನಿಲಯದ ಪ್ರೊ. ಜಮೀಲುರ್ ರಝಾ ಚೌಧರಿಯವರ ನೇತೃತ್ವದ ತಂಡ ಬಹೂಪಯೋಗಿ ಆಶ್ರಯ ಕಟ್ಟಡಗಳ ಯೋಜನೆ ರೂಪಿಸಿತು. ನೀರು ಅಡಿಯಿಂದ ಹರಿದುಹೋಗುವಂತೆ ಎತ್ತರದ ಕಂಬಗಳ ಮೇಲೆ ನಿಂತ ಈ ಕಟ್ಟಡಗಳಲ್ಲಿ ಹೆಚ್ಚಿನವು ಉಳಿದ ದಿನಗಳಲ್ಲಿ ಶಾಲೆಗಳು! ದನಕರು ಬಿಟ್ಟು ಬರಲೊಪ್ಪದ ರೈತರಿಗಾಗಿ "ಕಿಲ್ಲಾ" ಎಂಬ ಮಣ್ಣಿನ ದಿಬ್ಬಗಳೂ ಇವೆ.

2007ರ ನವೆಂಬರ್‌ನಲ್ಲಿ ಸಿದ್ರ್ ಬಂದಾಗ ಅಮೆರಿಕದ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾನಿಲಯದ ಹಸನ್ ಮಶ್ರಿಕಿ, ನೀರು ಎಲ್ಲಿ ಎಷ್ಟು ಏರಬಹುದೆಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿ ಆ ನಕ್ಷೆಗಳನ್ನು ಮೊದಲೇ ಬಾಂಗ್ಲಾದೇಶದ ಅಧಿಕಾರಿಗಳಿಗೆ ಕಳುಹಿಸಿದರು. ಆ ಬಾರಿ ಸತ್ತವರು ಸುಮಾರು 3,400. 2020ರ ಆಂಫಾನ್ ವೇಳೆ, ಕೊರೋನಾ ಕಾಲದಲ್ಲಿಯೂ, 20 ಲಕ್ಷಕ್ಕೂ ಹೆಚ್ಚು ಜನರನ್ನು ಸ್ಥಳಾಂತರಿಸಲಾಯಿತು. ಬಾಂಗ್ಲಾದೇಶದಲ್ಲಿ ಸಾವಿನ ಸಂಖ್ಯೆ ನೂರನ್ನೂ ಮುಟ್ಟಲಿಲ್ಲ. ಆ ವೇಳೆಗೆ ಸ್ವಯಂಸೇವಕರ ಪಡೆ 76 ಸಾವಿರದತ್ತ ಬೆಳೆಯುತ್ತಿತ್ತು. ಇಂದು ಅವರಲ್ಲಿ ಅರ್ಧದಷ್ಟು ಮಹಿಳೆಯರು. ಬಾಗಿಲು ತಟ್ಟಿ ಒಳಗಿನ ಹೆಂಗಸರನ್ನು ಹೊರಡಿಸುವುದು ಈಗ ಅವರ ಕೆಲಸ.