ಟೆಂಪ್ಲರ್ ಪಂಥದ ಅವಸಾನ ಮತ್ತು ತಪ್ಪೊಪ್ಪಿಗೆಯ ಪ್ರಾಮಾಣ್ಯ

ಆರೋಪಿಯ ತಪ್ಪೊಪ್ಪಿಗೆಗಿಂತ ಪ್ರಬಲವಾದ ಸಾಕ್ಷ್ಯ ಬೇರೊಂದಿಲ್ಲವೆಂದು ಮೇಲ್ನೋಟಕ್ಕೆ ತೋರುತ್ತದೆ. ಆದರೆ ಆ ಒಪ್ಪಿಗೆ ಯಾವ ಸನ್ನಿವೇಶದಲ್ಲಿ ಹೊರಟಿತೆಂಬುದನ್ನು ವಿಚಾರಿಸದೆ ಅದನ್ನು ಪ್ರಮಾಣವೆಂದು ಸ್ವೀಕರಿಸಿದರೆ ಎಂತಹ ಪ್ರಮಾದ ಸಂಭವಿಸಬಹುದೆಂಬುದಕ್ಕೆ ಟೆಂಪ್ಲರ್ ಯೋಧಸಂನ್ಯಾಸಿಗಳ ವಿಚಾರಣೆ ಒಂದು ನಿದರ್ಶನವಾಗಿದೆ.

ಜೆರೂಸಲೇಮಿನ ಯಾತ್ರಿಕರ ರಕ್ಷಣೆಗಾಗಿ 1119ರ ಸುಮಾರಿನಲ್ಲಿ ಯೂಗ್ ದ ಪಾಯೆನ್ ಎಂಬ ಫ್ರೆಂಚ್ ಸರದಾರನ ನೇತೃತ್ವದಲ್ಲಿ ಹುಟ್ಟಿದ ಈ ಪಂಥಕ್ಕೆ 1129ರಲ್ಲಿ ತ್ರ್ವಾ ನಗರದ ಧರ್ಮಸಭೆಯ ಮನ್ನಣೆ ದೊರೆಯಿತು. 1139ರಲ್ಲಿ ಪೋಪನು ಅದನ್ನು ನೇರವಾಗಿ ತನ್ನ ಆಶ್ರಯಕ್ಕೆ ತೆಗೆದುಕೊಂಡನು. ದಾನದತ್ತಿಗಳಿಂದ ಅದರ ಸಂಪತ್ತು ಬೆಳೆಯಿತು. ಪ್ಯಾರಿಸಿನ ಟೆಂಪ್ಲರ್ ಮಠವು ಬಹುಕಾಲ ಫ್ರಾನ್ಸಿನ ರಾಜಭಂಡಾರದ ವ್ಯವಹಾರವನ್ನೂ ನಡೆಸುತ್ತಿತ್ತು. ಆದರೆ 1291ರಲ್ಲಿ ಏಕರ್ ಪಟ್ಟಣವು ಮಾಮ್ಲೂಕರ ವಶವಾದ ಮೇಲೆ ಪಂಥದ ಮೂಲೋದ್ದೇಶವೇ ಪ್ರಶ್ನಾರ್ಹವಾಯಿತು.

ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ಪನು ಯುದ್ಧವೆಚ್ಚದಿಂದ ಹಣದ ಮುಗ್ಗಟ್ಟಿಗೆ ಸಿಕ್ಕಿದ್ದನು. 1306ರಲ್ಲಿ ಯೆಹೂದ್ಯರನ್ನು ಹೊರಗಟ್ಟಿ ಅವರ ಆಸ್ತಿಯನ್ನು ವಶಪಡಿಸಿಕೊಂಡಿದ್ದನು. ಅವನ ಗುಪ್ತಾಜ್ಞೆಯಂತೆ 1307ರ ಅಕ್ಟೋಬರ್ 13ರಂದು ರಾಜ್ಯದಲ್ಲಿದ್ದ ಟೆಂಪ್ಲರರಲ್ಲಿ ಬಹುತೇಕ ಮಂದಿಯನ್ನು ಸೆರೆಹಿಡಿಯಲಾಯಿತು. ದೀಕ್ಷಾಕಾಲದಲ್ಲಿ ಅವರು ಕ್ರಿಸ್ತನನ್ನು ನಿರಾಕರಿಸಿ ಶಿಲುಬೆಯ ಮೇಲೆ ಉಗುಳುವರೆಂದೂ, ವಿಗ್ರಹವೊಂದನ್ನು ಪೂಜಿಸುವರೆಂದೂ ಆರೋಪ. ಪ್ಯಾರಿಸಿನಲ್ಲಿ ವಿಚಾರಣೆಗೊಳಗಾದ 138 ಮಂದಿಯಲ್ಲಿ 134 ಮಂದಿ ಒಂದಲ್ಲ ಒಂದು ಆರೋಪವನ್ನು ಒಪ್ಪಿಕೊಂಡರು. ಅವರಲ್ಲಿ ಮಹಾಧಿಪತಿ ಜಾಕ್ ದ ಮೊಲೆಯೂ ಇದ್ದನು.

ಸಂಖ್ಯೆಯನ್ನಷ್ಟೇ ನೋಡಿದರೆ ಅಪರಾಧವು ಸಿದ್ಧವಾದಂತೆಯೇ ಸರಿ. ಆದರೆ ಫ್ರಾನ್ಸಿನಲ್ಲಿ ಚಿತ್ರಹಿಂಸೆ ಬಳಕೆಯಾಗಿತ್ತೆಂಬುದನ್ನು ನಾವು ಮರೆಯಲಾಗದು. ಚಿತ್ರಹಿಂಸೆಯ ರೂಢಿಯಿಲ್ಲದ ಇಂಗ್ಲೆಂಡಿನಲ್ಲಿ ಮೊದಲ ವಿಚಾರಣೆಗಳಿಂದ ಇಂತಹ ಒಪ್ಪಿಗೆ ದೊರೆಯಲಿಲ್ಲ; ಆರಗಾನಿನ ಟೆಂಪ್ಲರರನ್ನು 1312ರ ತಾರಗೋನಾ ಧರ್ಮಸಭೆ ನಿರ್ದೋಷಿಗಳೆಂದು ಸಾರಿತು. ಪಂಥ ಒಂದೇ, ನಿಯಮಾವಳಿ ಒಂದೇ. ಪಾಷಂಡಮತವು ಮಾತ್ರ ರಾಜ್ಯದ ಗಡಿಯನ್ನು ಅನುಸರಿಸಿ ನಿಂತಿತೆಂದು ಹೇಳಲಾದೀತೆ?

ಮುಂದಿನ ಘಟನೆ ಇನ್ನೂ ಬೋಧಪ್ರದವಾಗಿದೆ. 1310ರಲ್ಲಿ ಪೋಪನ ಆಯೋಗದ ಮುಂದೆ ಪಂಥದ ಪರವಾಗಿ ವಾದಿಸಲು ನೂರಾರು ಮಂದಿ ಮುಂದೆ ಬಂದರು. ಆದರೆ ಹಿಂದಿನ ಒಪ್ಪಿಗೆಯನ್ನು ಅಲ್ಲಗಳೆದವನು ಮರಳಿ ಪಾಷಂಡಿಯಾದವನೆಂದು ಗಣನೆಗೆ ಬಂದು ದಹನಶಿಕ್ಷೆಗೆ ಗುರಿಯಾಗುತ್ತಿದ್ದನು. ಆ ವರ್ಷದ ಮೇ 12ರಂದು 54 ಮಂದಿಯನ್ನು ಪ್ಯಾರಿಸಿನ ಬಳಿ ಸುಡಲಾಯಿತು. ಪಂಥದ ಸಮರ್ಥನೆ ಕುಸಿದುಬಿತ್ತು. ಸುಳ್ಳನ್ನು ಹೇಳಿದವನಿಗೆ ಪ್ರಾಣವೂ ಸತ್ಯಕ್ಕೆ ಮರಳಿದವನಿಗೆ ಬೆಂಕಿಯೂ ಕಾದಿರುವೆಡೆಯಲ್ಲಿ ಒಪ್ಪಿಗೆಗೆ ಏನು ಬೆಲೆ?

ಪೋಪ್ ಐದನೆಯ ಕ್ಲೆಮೆಂಟನ ನಡೆಯೂ ಗಮನಾರ್ಹ. 1308ರಲ್ಲಿ ಶಿನೋನ್ ಕೋಟೆಯಲ್ಲಿ ಅವನ ಪ್ರತಿನಿಧಿಗಳು ಪಂಥದ ನಾಯಕರಿಗೆ ಪಾಪವಿಮೋಚನೆಯನ್ನು ನೀಡಿದ್ದರು. ಆ ಪತ್ರವು 2001ರಲ್ಲಿ ವ್ಯಾಟಿಕನ್ ದಫ್ತರದಲ್ಲಿ ಗುರುತಿಸಲ್ಪಟ್ಟಿತು. 1312ರ ಮಾರ್ಚ್ 22ರ ಶಾಸನದಲ್ಲಿಯೂ ಅವನು ಪಂಥವನ್ನು ದೋಷಿಯೆಂದು ತೀರ್ಪಿತ್ತು ಅಳಿಸಲಿಲ್ಲ; ಅದಕ್ಕೆ ಅಂಟಿದ ಅಪಖ್ಯಾತಿಯನ್ನು ಹೇಳಿ, ತನ್ನ ಅಧಿಕಾರಬಲದಿಂದ ವಿಸರ್ಜಿಸಿದನು. ಆಸ್ತಿಯನ್ನು ಹಾಸ್ಪಿಟಲರ್ ಪಂಥಕ್ಕೆ ವಹಿಸಲಾಯಿತು. 1314ರ ಮಾರ್ಚಿಯಲ್ಲಿ ಮೊಲೆ ತನ್ನ ಒಪ್ಪಿಗೆಯನ್ನು ಬಹಿರಂಗವಾಗಿ ಹಿಂತೆಗೆದುಕೊಂಡು ಚಿತೆಯನ್ನೇರಿದನು.

ಟೆಂಪ್ಲರರು ನಿಷ್ಕಳಂಕರೆಂದು ನಾವು ವಾದಿಸುತ್ತಿಲ್ಲ. ಅವರ ಐಶ್ವರ್ಯವೂ ದೀಕ್ಷಾವಿಧಿಯ ಗೋಪ್ಯತೆಯೂ ಸಂಶಯಕ್ಕೆ ಎಡೆಗೊಟ್ಟಿದ್ದುವು. ಆದರೆ ದಾಖಲೆಯು ಹೇಳಿದ್ದನ್ನು ಓದುವುದರೊಡನೆ ಅದನ್ನು ಹೇಳಿಸಿದವರಾರೆಂಬುದನ್ನೂ ಅರಿಯುವುದು ಚರಿತ್ರೆಯ ವಿದ್ಯಾರ್ಥಿಯ ಮೊದಲ ಕರ್ತವ್ಯವೆಂದು ನಾವು ಭಾವಿಸುತ್ತೇವೆ.