ಮಲಿಕ ಸಂದಲ ಮತ್ತು ತಲೆಕೆಳಗಿನ ನಕ್ಷೆ

ನಮ್ಮ ಅಫಜಲಪುರ ತಾಲೂಕಿನ ಶಾಲೆ ಮಕ್ಕಳು ಭೀಮೆ ದಾಟಿ ವಿಜಾಪುರಕ್ಕೆ ಪ್ರವಾಸ ಹೋದರೆ ಮೊದಲು ನೋಡುವುದು ಗೋಳಗುಮ್ಮಟ. ಕೂಗು ಹಾಕ್ತಾರ, ಪ್ರತಿಧ್ವನಿ ಎಣಿಸ್ತಾರ, ಕೆಳಗಿಳಿದು ಬುತ್ತಿ ಬಿಚ್ಚಿ ಉಣ್ತಾರ. ಊರಿನ ಪಶ್ಚಿಮಕ್ಕಿರುವ ಇಬ್ರಾಹಿಂ ರೋಜಾಕ್ಕೆ ಹೊತ್ತಿದ್ದರೆ ಹೋದರು, ಇಲ್ಲದಿದ್ದರೆ ಇಲ್ಲ. ಹೋದರೂ ಮಾಸ್ತರರು ಹೇಳುವುದು ಒಂದೇ ಮಾತು: ಇದು ಎರಡನೇ ಇಬ್ರಾಹಿಂ ಆದಿಲಶಾಹನ ಗೋರಿ, ಅವನೇ ಕಟ್ಟಿಸಿದ್ದು. ಕಟ್ಟಿಸಿದ, ಸರಿ. ಕಟ್ಟಿದವರು ಯಾರ್ರೀ?

ನಮ್ಮ ನಾಡಿನ ಬಹಳಷ್ಟು ಕಟ್ಟಡಗಳ ಮುಂದೆ ನಿಂತು ಹೀಗೆ ಕೇಳಿದರೆ ಕಲ್ಲು ಬಾಯಿ ಬಿಡುವುದಿಲ್ಲ. ಕೆಲವು ಬಿಡುತ್ತವೆ. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಯನ್ನು 1367ರಲ್ಲಿ ಕಟ್ಟಿದವನು ಇರಾನಿನ ಕಜ್ವೀನ್ ಊರಿನ ರಫಿ ಎಂದು ಅಲ್ಲಿಯ ಶಾಸನ ಹೇಳುತ್ತದೆ. ಹಾಗೆಯೇ ರೋಜಾದ ಗೋಡೆಯ ಮೇಲಿನ ಫಾರಸಿ ಬರಹದಲ್ಲಿ ಒಂದು ಹೆಸರಿದೆ: ಮಲಿಕ ಸಂದಲ. ರಾಣಿ ತಾಜ್ ಸುಲ್ತಾನಾ ಅಪ್ಪಣೆ ಕೊಟ್ಟಳು, ಸಂದಲ ಕಷ್ಟಪಟ್ಟು ಕಟ್ಟಿದ, ಒಂದೂವರೆ ಲಕ್ಷ ಹೊನ್ನಿನ ಮೇಲೆ ಖರ್ಚಾಯಿತು ಎಂಬುದು ಅದರ ತಾತ್ಪರ್ಯ. ಕೆಲಸ ಮುಗಿದದ್ದು 1626ರ ಸುಮಾರಿಗೆ. ಮರುವರ್ಷ, 1627ರಲ್ಲಿ, ಸುಲ್ತಾನನೂ ಸತ್ತು ಅಲ್ಲೇ ಮಣ್ಣಾದ.

ಈ ಸಂದಲ ಯಾರು? ಹಬಶಿ, ಅಂದರೆ ಆಫ್ರಿಕಾದ ಅಬಿಸೀನಿಯಾ ಕಡೆಯ ಮೂಲದವನು ಎನ್ನುತ್ತಾರೆ ಇತಿಹಾಸಕಾರರು. ಆ ಕಾಲಕ್ಕೆ ಅರಬ್ಬೀ ಸಮುದ್ರ ದಾಟಿಸಿ ಕರಿಯ ಹುಡುಗರನ್ನು ದಖ್ಖನದ ಸಂತೆಗಳಲ್ಲಿ ಮಾರುತ್ತಿದ್ದರು. ಹಾಗೆ ಮಾರಾಟವಾಗಿ ಬಂದವನೇ ಮಲಿಕ ಅಂಬರ. ಅಹಮದನಗರದ ರಾಜ್ಯಭಾರ ಕೈಗೆ ತೆಗೆದುಕೊಂಡು, ಮೊಗಲರಿಗೆ ನಿದ್ದೆಗೆಡಿಸಿ, 1610ರಲ್ಲಿ ಖಡಕಿ ಎಂಬ ಊರು ಕಟ್ಟಿ ಅದಕ್ಕೆ ನೆಲದೊಳಗಿನ ಕಾಲುವೆಯಿಂದ ನೀರು ತಂದ. ಅದೇ ಮುಂದೆ ಔರಂಗಾಬಾದ ಆಯಿತು. ಇದನ್ನು ಕೇಳಿ ಆದಿಲಶಾಹಿಯಲ್ಲಿ ಸಮಾನತೆ ಹರಿಯುತ್ತಿತ್ತು ಎಂದು ಯಾರೂ ಹಿಗ್ಗಬೇಕಾಗಿಲ್ಲ. ಮನುಷ್ಯನನ್ನು ಕೊಂಡುಕೊಳ್ಳುವ ವ್ಯವಸ್ಥೆ ಅದು. ಆದರೆ ಕೊಂಡು ತಂದವನ ಕೈಗೆ ಕತ್ತಿ, ನಕ್ಷೆ, ಖಜಾನೆ ಬರಬಹುದಾಗಿತ್ತು. ನಮ್ಮ ಊರ ಹೊರಗಿನ ಕೇರಿಯವನ ಕೈಗೆ ಅದೂ ಬರಲಿಲ್ಲ.

ರೋಜಾದ ಒಳಗಿನ ಛಾವಣಿ ನೋಡಬೇಕು. ಸುಮಾರು 40 ಅಡಿ ಚೌಕದ ಕೋಣೆ. ನಡುವೆ ಕಂಬವಿಲ್ಲ, ತೊಲೆಯಿಲ್ಲ. ಗೋಡೆಯಿಂದ ಕಲ್ಲು ಬಾಗಿ ಬಂದು, ನಡುವೆ ಸಪಾಟಾದ ಹಾಸುಗಲ್ಲುಗಳು ಒಂದರ ಪಕ್ಕ ಒಂದು ತೂಗಿದಂತೆ ನಿಂತಿವೆ. ಬಿಳಿಯ ವಿದ್ವಾಂಸರು ಇದನ್ನು ಕಂಡು ತಲೆ ಕೆರೆದುಕೊಂಡರು. ಹಿಡಿದು ನಿಲ್ಲಿಸಿರುವುದು ಗಚ್ಚಿನ ಬಲ. ಆ ಗಚ್ಚು ತಾನಾಗಿ ಆಗಲಿಲ್ಲವಲ್ಲ! ಸುಣ್ಣದ ಕಲ್ಲು ಸುಟ್ಟವರು, ಅರೆದವರು, ಬುಟ್ಟಿಯಲ್ಲಿ ಹೊತ್ತವರು, ಗಣಿಯಲ್ಲಿ ಬಂಡೆ ಸೀಳಿದವರು ಇದ್ದರು. ಸಂದಲನ ಹೆಸರಿಗೆ ಗೋಡೆಯಲ್ಲಿ ಜಾಗ ಸಿಕ್ಕಿತು, ಇವರಿಗೆ ಸಿಗಲಿಲ್ಲ.

ಈಗ ಮೂರು ಶತಮಾನ ದಾಟಿ ಅಮೇರಿಕಕ್ಕೆ ಹೋಗೋಣ. ಅಲ್ಲಿ ಪಾಲ್ ವಿಲಿಯಮ್ಸ್ ಎಂಬ ಕರಿಯ ಇದ್ದ. 1894ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಹುಟ್ಟಿದವನು. ನಾಲ್ಕು ವರ್ಷ ತುಂಬುವಷ್ಟರಲ್ಲಿ ಅಪ್ಪ ಅವ್ವ ಇಬ್ಬರೂ ಕ್ಷಯದಿಂದ ತೀರಿಕೊಂಡರು, ಸಾಕುತಾಯಿ ಬೆಳೆಸಿದಳು. ವಾಸ್ತುಶಿಲ್ಪಿ ಆಗ್ತೀನಿ ಅಂದಾಗ ಶಾಲೆಯ ಮಾಸ್ತರ ಬೇಡವೆಂದ. ನಿನ್ನ ಜನಕ್ಕೆ ಮನೆ ಕಟ್ಟಿಸುವ ಶಕ್ತಿಯಿಲ್ಲ, ಬಿಳಿಯರು ನಿನಗೆ ಕೆಲಸ ಕೊಡುವುದಿಲ್ಲ ಎಂಬುದು ಅವನ ಲೆಕ್ಕ. ಇಂಥ ಲೆಕ್ಕದ ಮಾಸ್ತರರು ನಮ್ಮ ತಾಲೂಕಿನಲ್ಲೂ ಆಗಿಹೋಗಿದ್ದಾರೆ, ಹೆಸರು ಬೇಡ. ವಿಲಿಯಮ್ಸ್ ಬಿಡಲಿಲ್ಲ. 1923ರಲ್ಲಿ ಆ ದೇಶದ ವಾಸ್ತುಶಿಲ್ಪಿಗಳ ಸಂಸ್ಥೆಗೆ ಸೇರಿದ ಮೊದಲ ಕರಿಯನಾದ. ಸಾವಿರಗಟ್ಟಲೆ ಕಟ್ಟಡ ಮಾಡಿದ. ಹಾಲಿವುಡ್ಡಿನ ಹಾಡುಗಾರ ಫ್ರಾಂಕ್ ಸಿನಾತ್ರಾನಂಥವರಿಗೆ ಬಂಗಲೆಗಳನ್ನು ಬರೆದುಕೊಟ್ಟ.

ಅವನ ಒಂದು ವಿದ್ಯೆಯನ್ನು ನಾವು ಇಲ್ಲಿ ವಿವರವಾಗಿ ಹೇಳಬೇಕು. ಅವನು ನಕ್ಷೆಯನ್ನು ತಲೆಕೆಳಗಾಗಿ ಬರೆಯುವುದನ್ನು ಕಲಿತ. ಯಾಕಂದ್ರ ಬಿಳಿಯ ಗಿರಾಕಿ ಮಗ್ಗುಲಲ್ಲಿ ಕರಿಯನನ್ನು ಕೂಡಿಸಿಕೊಳ್ಳಲು ಹೇಸಬಹುದು. ಅದಕ್ಕೆ ಟೇಬಲ್ಲಿನ ಆಚೆ ಕೂತು, ಈಚೆ ಕೂತವನಿಗೆ ಸರಿಯಾಗಿ ಕಾಣುವ ಹಾಗೆ ಗೆರೆ ಎಳೆಯುತ್ತಿದ್ದ. ಕಟ್ಟಡದ ಜಾಗದಲ್ಲಿ ಓಡಾಡುವಾಗ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿರುತ್ತಿದ್ದ. ಕರಿಯನ ಕೈ ಕುಲುಕುವುದೋ ಬಿಡುವುದೋ ಎಂಬ ಪೇಚು ಬಿಳಿಯನಿಗೆ ಬರಬಾರದಲ್ಲ! ಮೈಲಿಗೆ ಎಂಬ ಪದ ಇಂಗ್ಲಿಷಿನಲ್ಲಿ ಇಲ್ಲದೆಯೂ ಅದರ ಆಚರಣೆ ಹೇಗೆ ನಡೆಯುತ್ತದೆ ನೋಡ್ರಿ. ಚಹದಂಗಡಿಯಲ್ಲಿ ಬೇರೆ ಕಪ್ಪು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1937ರಲ್ಲಿ ವಿಲಿಯಮ್ಸ್ ಒಂದು ಲೇಖನ ಬರೆದು, ತಾನು ಚಿತ್ರಿಸುವ ಮನೆಗಳಿರುವ ಬಡಾವಣೆಗಳಲ್ಲಿ ತಾನು ವಾಸಿಸುವಂತಿಲ್ಲ ಎಂಬುದನ್ನು ಬಿಚ್ಚಿಟ್ಟ. ಬಿಳಿಯರಲ್ಲದವರಿಗೆ ಮಾರಕೂಡದು ಎಂದು ಜಾಗದ ಕರಾರಿನಲ್ಲೇ ಬರೆದಿಡುತ್ತಿದ್ದ ಕಾಲ. ಅಂಥ ಕರಾರುಗಳನ್ನು ಕೋರ್ಟು ಜಾರಿ ಮಾಡಕೂಡದು ಎಂದು ಅಲ್ಲಿಯ ಸುಪ್ರೀಂ ಕೋರ್ಟು ಹೇಳಿದ್ದು 1948ರಲ್ಲಿ. ತನಗೆಂದು ತಾನೇ ನಕ್ಷೆ ಬರೆದ ಮನೆಗೆ ಅವನು ಹೋದದ್ದು ಅದಾದ ಮೇಲೆಯೇ, ವಯಸ್ಸು ಐವತ್ತು ಮೀರಿದ ಮೇಲೆ. ಮೆಂಫಿಸ್ ಊರಿನಲ್ಲಿ 1962ರಲ್ಲಿ ತೆರೆದ ಸೇಂಟ್ ಜೂಡ್ ಮಕ್ಕಳ ಆಸ್ಪತ್ರೆಗೆ ಬಿಡಿಗಾಸು ಪಡೆಯದೆ ನಕ್ಷೆ ಕೊಟ್ಟ. 1980ರಲ್ಲಿ ತೀರಿಕೊಂಡ. ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಚಿನ್ನದ ಪದಕ ಕೊಟ್ಟಿದ್ದು 2017ರಲ್ಲಿ. ಸತ್ತ 37 ವರ್ಷಕ್ಕೆ!

ಬಾಬಾಸಾಹೇಬರು 1913ರಿಂದ 1916ರವರೆಗೆ ನ್ಯೂಯಾರ್ಕಿನಲ್ಲಿ ಓದಿದವರು. ಕರಿಯರ ನಾಯಕ ಡುಬಾಯ್ಸ್ ಅವರಿಗೆ 1946ರಲ್ಲಿ ಕಾಗದ ಬರೆದು, ನಿಮ್ಮವರ ಸ್ಥಿತಿಗೂ ನಮ್ಮವರ ಸ್ಥಿತಿಗೂ ಇರುವ ಸಾಮ್ಯದ ಬಗ್ಗೆ ಮಾತೆತ್ತಿದ್ದರು. ಸಾಮ್ಯವಿದೆ, ವ್ಯತ್ಯಾಸವೂ ಇದೆ. ವಿಲಿಯಮ್ಸ್‌ನನ್ನು ಬಂಗಲೆಯ ಓಣಿಯಿಂದ ಹೊರಗಿಟ್ಟರು, ಪೆನ್ಸಿಲ್ಲು ಕಸಿದುಕೊಳ್ಳಲು ಆಗಲಿಲ್ಲ. ಇಲ್ಲಿ ಅಡಿಪಾಯ ತೋಡಲು, ಕಲ್ಲು ಹೊರಲು ನಮ್ಮವರು ಬೇಕು. ಬಾಗಿಲ ಚೌಕಟ್ಟು ಕೂತು ತೋರಣ ಕಟ್ಟಿದ ದಿನದಿಂದ ಹೊಸ್ತಿಲ ಆಚೆ. ಗುಡಿಯ ಕತೆಯೂ ಇಷ್ಟೇ, ವಾಡೆಯ ಕತೆಯೂ ಇಷ್ಟೇ. ಅಫಜಲಪುರ, ಜೇವರ್ಗಿ, ಆಳಂದದಿಂದ ಬ್ಯಾಸಿಗಿ ಬಂತಂದ್ರ ಗಂಟುಮೂಟೆ ಕಟ್ಟಿ ಪುಣೆ, ಮುಂಬಯಿ, ಬೆಂಗಳೂರಿಗೆ ಹೋಗುವವರು ಅಲ್ಲಿ ಎಷ್ಟು ಅಂತಸ್ತು ಏರಿಸಿದ್ದಾರೋ ಯಾರು ಬರೆದಿಟ್ಟಿದ್ದಾರೆ? ಕೆಲಸ ನಡೆಯುವಷ್ಟು ದಿನ ಅದೇ ಜಾಗದಲ್ಲಿ ತಗಡಿನ ಗುಡಿಸಲು, ಮುಗಿದ ಮೇಲೆ ಗೇಟಿನ ಕಾವಲುಗಾರ ಒಳಗೆ ಬಿಡುವುದಿಲ್ಲ.

ಸಂದಲನ ಹಾಗೆ ಆಫ್ರಿಕಾದಿಂದ ಬಂದವರ ವಂಶದವರು ನಮ್ಮ ರಾಜ್ಯದಲ್ಲಿ ಈಗಲೂ ಇದ್ದಾರೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿಯರು. ಕನ್ನಡ, ಕೊಂಕಣಿ ಆಡುತ್ತಾರೆ. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡವೆಂದು ಸರಕಾರ ಒಪ್ಪಿಕೊಂಡದ್ದು 2003ರಲ್ಲಿ. ಅವರ ಮಕ್ಕಳೂ ಗೋಳಗುಮ್ಮಟ ನೋಡಲು ಬರುತ್ತಿರಬಹುದು. ಅವರನ್ನು ರೋಜಾಕ್ಕೆ ಕರೆದೊಯ್ದು ಗೋಡೆಯ ಮೇಲಿನ ಹೆಸರು ತೋರಿಸುವ ಮಾಸ್ತರರು ಬೇಕು. ಮಲಿಕ ಸಂದಲನದೇ ಎಂದು ಜನ ಹೇಳುವ ಗೋರಿಯೂ ವಿಜಾಪುರದಾಗೇ ಅದ. ಸಣ್ಣದು. ಟಾಂಗಾದವರಿಗೆ ಹೇಳಿದರೆ ಒಯ್ತಾರ.